ಉತಾರದಲ್ಲಿಲ್ಲದ ಹಕ್ಕು: ಕುಸನೂರಿನ ಗುಡ್ಡ ದಿಲ್ಲಿಯ ಕಟಕಟೆಗೆ ಹೋದದ್ದು

1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಒಂದು ಕರಾರು ಮಾಡಿಕೊಂಡಿತು. ಬಿರ್ಲಾ ಮನೆತನದ ಗ್ವಾಲಿಯರ್ ರೇಯಾನ್ಸ್ ಕಂಪನಿಗೆ ಸೇರಿದ ಕಾರ್ಖಾನೆ ಅದು. ಕರಾರಿನಿಂದ ಹುಟ್ಟಿದ ಹೊಸ ಸಂಸ್ಥೆಯ ಹೆಸರು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್. ಜನರ ಬಾಯಲ್ಲಿ ಕೆಪಿಎಲ್. ಅದರಲ್ಲಿ ಸರ್ಕಾರದ ಪಾಲು ನೂರಕ್ಕೆ 51, ಕಾರ್ಖಾನೆಯದು 49. ನಾಲ್ಕು ಜಿಲ್ಲೆಗಳಲ್ಲಿ ಹರಡಿಕೊಂಡಿದ್ದ 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಪಡೆದು, ಅಲ್ಲಿ ನೀಲಗಿರಿ ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಈ ಸಂಸ್ಥೆಯ ಕೆಲಸ. ಗುತ್ತಿಗೆ ದರ ವರ್ಷಕ್ಕೆ ಎಕರೆಗೆ 1 ರೂಪಾಯಿ. ಬೆಳೆದ ಮರದಲ್ಲಿ ನೂರಕ್ಕೆ ಎಂಬತ್ತೇಳೂವರೆ ಪಾಲು ನೇರವಾಗಿ ಕಾರ್ಖಾನೆಗೆ. ಉಳಿದ ಹನ್ನೆರಡೂವರೆಯನ್ನು ಕೊಳ್ಳುವ ಅವಕಾಶವೂ ಅದಕ್ಕೇ. ಗಿಡ ನೆಡಲು ಬ್ಯಾಂಕುಗಳಿಂದ ತೆಗೆಯುವ ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲಲು ಒಪ್ಪಿತ್ತು.

ಲೆಕ್ಕ ಹಾಕಿದರೆ ಸುಮಾರು 75,000 ಎಕರೆಗೆ ಸರ್ಕಾರಕ್ಕೆ ವರ್ಷಕ್ಕೆ ಮುಕ್ಕಾಲು ಲಕ್ಷ ರೂಪಾಯಿ ಬರುತ್ತಿತ್ತು. ಆ ಎಕರೆಗಳ ಮೇಲೆ ಆಗಲೇ ಬದುಕುತ್ತಿದ್ದವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ ಹರಿಹರದ ಕಡೆ ಹೊರಟರೆ ತುಂಗಭದ್ರೆ ಸಿಗುವ ಮೊದಲೇ ಕುಮಾರಪಟ್ಟಣಂ ಬರುತ್ತದೆ. ಕಾರ್ಖಾನೆಯ ಹೆಸರಿನಲ್ಲಿ ಹರಿಹರವಿದ್ದರೂ ಅದು ನಿಂತಿರುವುದು ರಾಣೆಬೆನ್ನೂರು ತಾಲ್ಲೂಕಿನ ಈ ದಂಡೆಯಲ್ಲಿ. 1972ರಲ್ಲಿ ಶುರುವಾದ ಅದರ ಕೆಲಸ ಮರವನ್ನು ಅರೆದು ರೇಯಾನ್ ನೂಲಿಗೆ ಬೇಕಾದ ತಿರುಳು ಮಾಡುವುದು. ಹೊಟ್ಟೆ ದೊಡ್ಡದು, ಮರ ಸಾಲದು. ಕಂಪನಿಗೆ ಇದು ಹೊಸ ಅನುಭವವಲ್ಲ. ಕೇರಳದ ಮಾವೂರಿನಲ್ಲಿ ಇಂಥದೇ ಇನ್ನೊಂದು ಕಾರ್ಖಾನೆಗಾಗಿ 1958ರಲ್ಲಿ ಅಲ್ಲಿನ ಸರ್ಕಾರ ಟನ್ನಿಗೆ 1 ರೂಪಾಯಿಯಂತೆ ಬಿದಿರು ಕೊಡಲು ಒಪ್ಪಿತ್ತು.

ಕರಾರಿನಲ್ಲಿ ಹೇಳಿದ ಭೂಮಿ ಯಾವುದು? ಕಂದಾಯ ಮತ್ತು ಅರಣ್ಯ ಇಲಾಖೆಗಳ ಭಾಷೆಯಲ್ಲಿ ಅದು ಸಿ ಮತ್ತು ಡಿ ವರ್ಗದ ಜಮೀನು: ಹೊಲವೂ ಅಲ್ಲದ, ದಟ್ಟ ಕಾಡೂ ಅಲ್ಲದ ಭೂಮಿ. ಊರವರ ಭಾಷೆಯಲ್ಲಿ ಗುಡ್ಡ. ದನ, ಕುರಿ ಮೇಯುವುದು ಅಲ್ಲಿ, ಒಲೆಗೆ ಕಟ್ಟಿಗೆ ತರುವುದು ಅಲ್ಲಿಂದ. ಬಾರುಕೋಲಿಗೆ, ನೇಗಿಲಿಗೆ, ಚಪ್ಪರದ ಗಳಕ್ಕೆ, ಬಣವಿ ಮುಚ್ಚುವ ಹುಲ್ಲಿಗೆ ಎಲ್ಲರೂ ಹೋಗುತ್ತಿದ್ದುದು ಆ ಗುಡ್ಡಕ್ಕೇ. ಸ್ವಂತ ಹೊಲವಿದ್ದವನಿಗೆ ಬೇರೆ ದಾರಿಯೂ ಇತ್ತು. ಹೊಲವಿಲ್ಲದ ಮನೆಯ ಹೆಂಗಸಿಗೆ, ಕುರುಬರ ಹಟ್ಟಿಗೆ ಗುಡ್ಡವೇ ಆಸ್ತಿ. ಆದರೆ ಆ ಆಸ್ತಿ ಯಾರ ಉತಾರದಲ್ಲೂ, ಅಂದರೆ ಪಹಣಿಯಲ್ಲೂ, ಇರಲಿಲ್ಲ. ಉತಾರದಲ್ಲಿ ಇದ್ದದ್ದು ಸರ್ಕಾರದ ಹೆಸರು ಮಾತ್ರ.

ಹಾವೇರಿ ಜಿಲ್ಲೆಯ ಭೂಚರಿತ್ರೆಯನ್ನು ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಾಗದದ ಪ್ರಶ್ನೆ. ಆಗ ಇದು ಹಾವೇರಿ ಜಿಲ್ಲೆಯಲ್ಲ. 1997ರಲ್ಲಿ ಬೇರೆಯಾಗುವ ತನಕ ಧಾರವಾಡದ ಭಾಗವಾಗಿತ್ತು. ಆ ಹಳೆಯ ಧಾರವಾಡ ಜಿಲ್ಲೆಯಲ್ಲಿ ಪ್ರಭುತ್ವ ಕಾಗದ ಕೇಳಿ ಭೂಮಿಯ ಹಕ್ಕು ರದ್ದು ಮಾಡಿದ್ದು ಕೆಪಿಎಲ್‌ಗಿಂತ ಬಹಳ ಹಿಂದೆ. 1818ರಲ್ಲಿ ಪೇಶ್ವೆಯ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಆ ಫೆಬ್ರವರಿಯಲ್ಲಿ ಕಂಪನಿಯ ಅಧಿಕಾರಿ ಎಲ್ಫಿನ್‌ಸ್ಟನ್ ಸಾತಾರದಿಂದ ಘೋಷಣೆ ಹೊರಡಿಸಿ, ವತನಕ್ಕೆ, ಇನಾಮಿಗೆ, ದೇವಸ್ಥಾನದ ಉಂಬಳಿಗೆ ಧಕ್ಕೆಯಿಲ್ಲ ಎಂದು ಭರವಸೆ ಕೊಟ್ಟ. ಇಪ್ಪತ್ತೈದು ವರ್ಷಗಳಲ್ಲಿ ಆ ಮಾತು ಸಡಿಲವಾಯಿತು. 1843ರಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ, ಅಂದರೆ ನಮ್ಮ ಕಡೆಯೇ, ಕಂದಾಯ ಮಾಫಿಯ ಇನಾಮುಗಳ ತಪಾಸಣೆ ಮೊದಲಾಯಿತು. ಅದಕ್ಕೆ ಬಲ ಕೊಡಲು 1852ರ 11ನೇ ಕಾಯ್ದೆ ಬಂತು. ಇನಾಮುದಾರ ಸನದು, ಅಂದರೆ ದತ್ತಿಪತ್ರ, ತೋರಿಸಬೇಕು. ಸನದು ಇಲ್ಲದಿದ್ದರೆ ಇಂಗ್ಲಿಷರ ಆಳ್ವಿಕೆ ಬರುವುದಕ್ಕೆ ಎಷ್ಟು ವರ್ಷ ಮೊದಲಿನಿಂದ, ಎಷ್ಟು ತಲೆಮಾರಿನಿಂದ ಅನುಭೋಗಿಸುತ್ತ ಬಂದಿದ್ದೇನೆ ಎಂದು ರುಜುವಾತು ಮಾಡಬೇಕು. ಗೆದ್ದಲು ತಿಂದ, ಯುದ್ಧದಲ್ಲಿ ಸುಟ್ಟ, ಪಾಲಾಗುವಾಗ ಹರಿದುಹೋದ ಕಾಗದಗಳಿಗೆ ಆ ಕಾಯ್ದೆಯ ಮುಂದೆ ಬೆಲೆ ಇರಲಿಲ್ಲ. ದಖ್ಖನದಲ್ಲಿ ಐದೇ ವರ್ಷದಲ್ಲಿ ಸುಮಾರು 20,000 ಇನಾಮುಗಳು ಜಪ್ತಿಯಾದವು ಎಂದು ಇತಿಹಾಸಕಾರರು ಬರೆಯುತ್ತಾರೆ.

ಆ ಕಾಯ್ದೆಯ ಅತಿ ಕಠಿಣ ಭಾಗ ಇದಲ್ಲ. ಆ ತಪಾಸಣೆ ನಡೆಸಿದ ಇನಾಮು ಕಮಿಷನ್ನಿನ ತೀರ್ಮಾನ ಒಪ್ಪಿಗೆಯಾಗದವನು ಮುಂಬಯಿ ಸರ್ಕಾರಕ್ಕೇ ಮೇಲ್ಮನವಿ ಹಾಕಬೇಕಿತ್ತು. ದಿವಾಣಿ ನ್ಯಾಯಾಲಯಗಳು ಈ ವಿಷಯಕ್ಕೆ ಕೈ ಹಾಕುವಂತಿರಲಿಲ್ಲ. ಕಿತ್ತುಕೊಂಡವನೇ ದೂರು ಕೇಳುವವನೂ ಆಗಿದ್ದ. ಇನಾಮುದಾರರೆಲ್ಲ ಪಾಪದವರೇನಲ್ಲ, ಅವರ ಕೆಳಗೆ ಉಳುವ ಕೈಗಳಿಗೆ ಯಾವ ಸನದೂ ಎಂದೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೂ ಬಾಗಿಲು ಮುಚ್ಚಿದ ಕೋಪ ಎಲ್ಲಿಗೆ ಹೋಯಿತೆಂಬುದಕ್ಕೆ ನರಗುಂದ ಸಾಕ್ಷಿ. 1858ರ ಮೇ 29ರಂದು ಅಲ್ಲಿನ ದೊರೆ ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ಕಡೆಯವರು ಸುರೇಬಾನದಲ್ಲಿ ಕೊಂದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್, ಅದಕ್ಕೆ ಮುಂಚೆ ಇನಾಮು ಕಮಿಷನ್ನಿನಲ್ಲಿ ಕೆಲಸ ಮಾಡಿದವನು.

ಮುಂದೆ 1930ರ ದಶಕದ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರಗಳ ಜೊತೆ ಹಿರೇಕೆರೂರಿನ ರೈತರೂ ಜಮೀನು ಕಳೆದುಕೊಂಡರು. ಕಂದಾಯ ಕೊಡದವರ ಹೊಲಗಳನ್ನು ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿತು. ಅವು ಮರಳಿ ಸಿಕ್ಕಿದ್ದು ನ್ಯಾಯಾಲಯದಿಂದಲ್ಲ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಗಾಂಧೀಜಿಯ ಜೊತೆ ದಂಡಿಗೆ ನಡೆದವರು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಸತ್ಯಾಗ್ರಹ ಎನ್ನುವುದು ಈ ಸೀಮೆಗೆ ಪುಸ್ತಕದಿಂದ ಬಂದ ಮಾತಲ್ಲ.

ಈಗ ಮತ್ತೆ 1980ರ ದಶಕಕ್ಕೆ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಅಮೆರಿಕದಿಂದ ಮರಳಿದ ಎಂಜಿನಿಯರ್ ಎಸ್. ಆರ್. ಹಿರೇಮಠ ಮತ್ತು ಸಂಗಡಿಗರು 1979ರಿಂದ ಗ್ರಾಮಾಭಿವೃದ್ಧಿಯ ಕೆಲಸದಲ್ಲಿದ್ದರು. ಹತ್ತಿರದಲ್ಲೇ ಹರಿಯುವ ತುಂಗಭದ್ರೆಯ ನೀರು ಕೆಟ್ಟಿದೆ, ಮೀನು ಸಾಯುತ್ತಿವೆ, ಮೈಯೆಲ್ಲ ತುರಿಕೆ ಎಂದು ದಂಡೆಯ ಊರುಗಳವರು ದೂರುತ್ತಿದ್ದರು. ಕಾರ್ಖಾನೆಯನ್ನು ಹಿರೇಮಠರ ಬಳಗ ಮೊದಲು ಎದುರಿಸಿದ್ದು ನದಿಯ ವಿಷಯದಲ್ಲಿ. 1984ರಲ್ಲಿ ಧಾರವಾಡದಲ್ಲಿ ಆ ಬಳಗದ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ಅದೇ ವರ್ಷ ಕೆಪಿಎಲ್ ಕರಾರೂ ಆಯಿತು. ನದಿಗೆ ಕೊಳೆ ಬಿಡುವ ಕೊಳವೆಯೂ ಗುಡ್ಡಕ್ಕೆ ಬರುವ ಕೊಡಲಿಯೂ ಒಂದೇ ಗೇಟಿನಿಂದ ಹೊರಟಿವೆ ಎಂದು ಅವರಿಗೆ ತಿಳಿಯಲು ಹೊತ್ತು ಬೇಕಾಗಲಿಲ್ಲ.

ನೀಲಗಿರಿಯ ಮೇಲೆ ರೈತರಿಗೆ ಆಗಲೇ ಸಿಟ್ಟಿತ್ತು. ಸಾಮಾಜಿಕ ಅರಣ್ಯ ಎಂಬ ಹೆಸರಿನಲ್ಲಿ ಕೋಲಾರದಿಂದ ಹಿಡಿದು ಎಲ್ಲ ಕಡೆ ಅದು ಹಬ್ಬುತ್ತಿತ್ತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೇ ನುಗ್ಗಿ ಸಸಿ ಕಿತ್ತಿದ್ದರು. ಆದರೆ ಹಾನಗಲ್ ತಾಲ್ಲೂಕಿನ ಕುಸನೂರಿನ ಜಗಳವನ್ನು ಗಿಡದ ಜಾತಿಯ ಜಗಳವೆಂದು ಮಾತ್ರ ನೋಡಿದರೆ ತಪ್ಪಾಗುತ್ತದೆ. ಜಾನುವಾರು ಬಾಯಿ ಹಾಕದ ಗಿಡ ಬಂತೆಂಬುದು ಅರ್ಧ ಮಾತು. ಗುಡ್ಡದ ಮೇಲೆ ಬೇರೆಯವರ ಹೆಸರು ಬಂತು, ಕಾವಲುಗಾರ ಬಂದ, ಹುಲ್ಲು ಕೊಯ್ಯಲು ಹೋದವಳು ಒಮ್ಮೆಗೇ ಕಳ್ಳಿಯಾದಳು ಎಂಬುದು ಇನ್ನರ್ಧ.

ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿದಾರರಲ್ಲಿ ಕೋಟ ಶಿವರಾಮ ಕಾರಂತರೂ ಒಬ್ಬರು. ಎಂಬತ್ತು ದಾಟಿದ್ದರೂ ಅವರು ಪರಿಸರದ ಹೋರಾಟಗಳಲ್ಲಿ ಮುಂದೆ ನಿಲ್ಲುತ್ತಿದ್ದರು. ಹಾವೇರಿಯ ಗುಡ್ಡದ ದೂರು ದಿಲ್ಲಿಯ ತನಕ ಯಾಕೆ ಹೋಗಬೇಕಿತ್ತೆಂದು ಇಂದಿನ ಓದುಗರು ಕೇಳಬಹುದು. ಆಗ ಧಾರವಾಡದಲ್ಲಿ ಹೈಕೋರ್ಟ್ ಪೀಠ ಇರಲಿಲ್ಲ. ಅದು ಬಂದದ್ದು 2008ರ ಜುಲೈಯಲ್ಲಿ, ಕಾಯಂ ಆದದ್ದು 2013ರಲ್ಲಿ. ಹೇಗಿದ್ದರೂ ಊರು ಬಿಟ್ಟೇ ಹೋಗಬೇಕಿತ್ತು. ಜೊತೆಗೆ ಆ ವರ್ಷಗಳಲ್ಲಿ ದಿಲ್ಲಿಯ ಬಾಗಿಲು ತೆರೆದಿತ್ತು. ಸ್ವಂತಕ್ಕೆ ನಷ್ಟವಾಗದವನೂ ದನಿಯಿಲ್ಲದವರ ಪರವಾಗಿ ಅರ್ಜಿ ಹಾಕಬಹುದೆಂದು 1981ರ ಎಸ್. ಪಿ. ಗುಪ್ತಾ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಹೇಳಿದ್ದರು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದು 1985ರಲ್ಲಿ ಮುಂಬಯಿಯ ಪಾದಚಾರಿ ದಾರಿಯ ವಾಸಿಗಳ ಮೊಕದ್ದಮೆಯಲ್ಲಿ, ಓಲ್ಗಾ ಟೆಲ್ಲಿಸ್ ತೀರ್ಪಿನಲ್ಲಿ, ಕೋರ್ಟು ಒಪ್ಪಿಕೊಂಡಿತ್ತು.

ಈ ಎರಡು ಮಾತುಗಳಿಲ್ಲದಿದ್ದರೆ ಗುಡ್ಡದ ಮೊಕದ್ದಮೆ ನಿಲ್ಲುತ್ತಲೇ ಇರಲಿಲ್ಲ ಎಂದು ನನ್ನ ನಂಬಿಕೆ. ಯಾಕೆಂದರೆ ಅರ್ಜಿದಾರರ ಕೈಯಲ್ಲಿ ಒಂದು ಗುಂಟೆಯ ಖರೀದಿಪತ್ರವೂ ಇರಲಿಲ್ಲ. 1852ರಲ್ಲಿ ಇನಾಮುದಾರನಾದರೂ ಹರಕು ಸನದೊಂದನ್ನು ಮುಂದೆ ಮಾಡಬಹುದಿತ್ತು. ಇವರು ತೋರಿಸಬೇಕಾದದ್ದು ದಿನದ ಬದುಕನ್ನು: ಎಲ್ಲಿಂದ ಹುಲ್ಲು, ಎಲ್ಲಿಂದ ಸೌದೆ, ಅದು ನಿಂತರೆ ಮನೆಯಲ್ಲಿ ಏನಾಗುತ್ತದೆ. ಸಾರ್ವಜನಿಕ ಭೂಮಿಯನ್ನು ಒಂದೇ ಕಂಪನಿಗೆ ಮನಸ್ಸಿಗೆ ಬಂದಂತೆ ಕೊಟ್ಟದ್ದು ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧ, ಊರವರ ಜೀವನೋಪಾಯ ಕಿತ್ತದ್ದು 21ನೇ ವಿಧಿಗೆ ವಿರುದ್ಧ ಎಂಬುದು ವಾದ. ಸರ್ಕಾರದ ಹೆಸರಿನಲ್ಲಿರುವ ಭೂಮಿ ಸರ್ಕಾರದ ಸ್ವಂತದ್ದಲ್ಲ ಎನ್ನುವುದೇ ಅದರ ತಿರುಳು.

1987ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಕೆಪಿಎಲ್‌ಗೆ ಇನ್ನು ಮುಂದೆ ಭೂಮಿ ಕೊಡುವಂತಿಲ್ಲ.

ಈ ತಡೆಯಾಜ್ಞೆಯನ್ನು ಗೆಲುವೆಂದು ಹಂಚಿಕೊಂಡು ಮನೆಗೆ ಹೋಗದೆ, ಸಮುದಾಯದವರು ಅದನ್ನು ಹಿಡಿದುಕೊಂಡು ಊರಿಗೆ ಬಂದರು. ಕುಸನೂರಿನಲ್ಲಿ ಸುಮಾರು 400 ಹೆಕ್ಟೇರ್ ಆಗಲೇ ಕೆಪಿಎಲ್ ಪಾಲಾಗಿತ್ತು. ತಡೆಯಾಜ್ಞೆ ಮುಂದಿನದನ್ನು ನಿಲ್ಲಿಸುತ್ತದೆ, ಹೋದದ್ದನ್ನು ತರುವುದಿಲ್ಲ. ಆ ಮೇ ತಿಂಗಳಲ್ಲಿ ಕುಸನೂರಿನಲ್ಲಿ ಅಹಿಂಸೆಯ ತರಬೇತಿ ಶಿಬಿರ ನಡೆಯಿತು. ಊರವರು ತಮ್ಮದೇ ಗುಡ್ಡನಾಡು ಅಭಿವೃದ್ಧಿ ಸಮಿತಿ ಕಟ್ಟಿಕೊಂಡರು. ಬೇಸಿಗೆ, ಮಳೆಗಾಲ ಉರುಳುತ್ತಿದ್ದಂತೆ ಸುತ್ತಲ ಊರುಗಳಲ್ಲಿ ಸಭೆಯ ಮೇಲೆ ಸಭೆ. ಹೊಡೆತ ಬಿದ್ದರೆ ಏನು ಮಾಡಬೇಕು, ಪೊಲೀಸರು ಬಂದರೆ ಯಾರು ಮಾತಾಡಬೇಕು ಎಂಬುದನ್ನೂ ಮೊದಲೇ ಮಾತಾಡಿಕೊಂಡ ಚಳವಳಿ ಅದು. ದಿನವನ್ನೂ ಬೇಕೆಂದೇ ಆರಿಸಿಕೊಂಡರು: ನವೆಂಬರ್ 14, ಕರಾರಿಗೆ ಮೂರು ವರ್ಷ ತುಂಬುವ ದಿನ.

ಅಂದು ಕುಸನೂರಿನಲ್ಲಿ ಸುಮಾರು 2,000 ಜನ ಸೇರಿದರು. ಗಂಡಸರು, ಹೆಂಗಸರು, ಮಕ್ಕಳು ಶಾಲೆಯ ಅಂಗಳದಲ್ಲಿ ನಿಂತು ಅಹಿಂಸೆಯ ಪ್ರತಿಜ್ಞೆ ಮಾಡಿದರು. ಆಮೇಲೆ ಮುಂದೆ ವಾದ್ಯ ಬಾರಿಸುವವರು, ಹಿಂದೆ ಬ್ಯಾನರು, ಘೋಷಣೆ, ಎಲ್ಲರೂ ಗುಡ್ಡದ ಕಡೆಗೆ. ಅಲ್ಲಿ ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತ ಜಾಗದಲ್ಲೇ ಊರಿಗೆ ಉಪಯೋಗವಾಗುವ ಹಣ್ಣಿನ, ಮೇವಿನ ಗಿಡ ನೆಟ್ಟರು. ನೆಟ್ಟ ಗಿಡಕ್ಕೆ ನೀರು ಹಾಕಿ ಸಾಕುತ್ತೇವೆಂದು ಮಾತು ಕೊಟ್ಟು ಚದುರಿದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂಬ ಹೆಸರು ಹಾಗೆ ಬಂತು.

ಕಿತ್ತಷ್ಟಕ್ಕೆ ನಿಂತಿದ್ದರೆ ಅದು ಬರೀ ಸಿಟ್ಟಾಗುತ್ತಿತ್ತು. ಹಚ್ಚಿದ್ದರಿಂದ ಅದು ಸಾಕ್ಷ್ಯವಾಯಿತು. ಈ ಭೂಮಿಯನ್ನು ಹೇಗೆ ಬಳಸುತ್ತೇವೆ, ಏನು ಬೆಳೆಯಲು ಬಯಸುತ್ತೇವೆ ಎಂದು ಎರಡು ಸಾವಿರ ಜನ ಕೈಯಾರೆ ತೋರಿಸಿಕೊಟ್ಟರು. ದಿಲ್ಲಿಯ ವಕೀಲರು ಅಫಿಡವಿಟ್ಟಿನಲ್ಲಿ ಬರೆಯಬೇಕಾದದ್ದನ್ನು ಇವರು ಗುಡ್ಡದ ಮೇಲೆ ಬರೆದರು ಎನ್ನಬೇಕು. ಜಿಲ್ಲೆಯ ಇತಿಹಾಸದಲ್ಲಿ ನಾನು ತುಂಬ ಗೌರವದಿಂದ ನೆನೆಯುವ ದಿನಗಳಲ್ಲಿ ಅದೊಂದು.

ಕೋರ್ಟು ಮಾತ್ರ ಗಟ್ಟಿಯಾಗಿ ನಿಲ್ಲಲಿಲ್ಲ. 1988ರ ಏಪ್ರಿಲ್ 26ರಂದು ತನ್ನದೇ ತಡೆಯಾಜ್ಞೆಯನ್ನು ಸಡಿಲಿಸಿ ಇನ್ನೂ 3,000 ಹೆಕ್ಟೇರ್ ಕೊಡಲು ಅವಕಾಶ ಮಾಡಿತು. 1989ರಲ್ಲಿ, 1990ರಲ್ಲಿ ಮತ್ತೆ ಇಂಥದೇ ತಾತ್ಕಾಲಿಕ ಅನುಮತಿಗಳು ಬಂದವು. ನ್ಯಾಯಾಲಯವೊಂದನ್ನೇ ನಂಬಿದ ಚಳವಳಿಯಾಗಿದ್ದರೆ ಇಲ್ಲಿಗೆ ಕಥೆ ಮುಗಿಯುತ್ತಿತ್ತು. ಕುಸನೂರಿನವರ ಕೈಯಲ್ಲಿ ಎರಡನೆಯ ಹಗ್ಗವಿತ್ತು. ಮಳೆ ಬಿದ್ದೊಡನೆ ಮತ್ತೆ ಕಿತ್ತು ಹಚ್ಚುತ್ತೇವೆಂದು ಶಿಬಿರಗಳು ಶುರುವಾದವು. ಪತ್ರಿಕೆಗಳು ಬರೆದವು. ಶಾಸಕರು ಪಕ್ಷ ಮೀರಿ ಕೆಪಿಎಲ್ ಬೇಡವೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಸರ್ಕಾರ ಮಾತುಕತೆಗೆ ಕೂತಿತು.

ಅದೇ ಹೊತ್ತಿಗೆ ದಿಲ್ಲಿಯ ಗಾಳಿಯೂ ಬದಲಾಯಿತು. 1988ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದು, ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯಭೂಮಿಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವುದಕ್ಕೆ ತಡೆಬಿತ್ತು. ಆ ವರ್ಷದ ರಾಷ್ಟ್ರೀಯ ಅರಣ್ಯ ನೀತಿ ಕಾರ್ಖಾನೆಗಳು ಮರವನ್ನು ರೈತರಿಂದ ಪಡೆಯಬೇಕೆಂದು ಹೇಳಿತು. ಕೆಪಿಎಲ್ ನಿಂತ ನೆಲವೇ ಹೀಗೆ ಕುಸಿಯತೊಡಗಿತು. ರಾಜ್ಯದಲ್ಲಿ ಹೆಗಡೆಯವರ ಕಾಲದಲ್ಲಿ ಆದ ಕರಾರು ಬೊಮ್ಮಾಯಿ, ವೀರೇಂದ್ರ ಪಾಟೀಲರ ಕಾಲವನ್ನು ದಾಟಿ ಬಂಗಾರಪ್ಪನವರ ಕಾಲಕ್ಕೆ ಬಂತು. 1991ರ ಅಕ್ಟೋಬರ್ ಮೊದಲಲ್ಲಿ ಸರ್ಕಾರ ಕೆಪಿಎಲ್ ಅನ್ನು ಮುಚ್ಚುವುದಾಗಿ ಪ್ರಕಟಿಸಿತು. ಕರಾರಾಗಿ ಏಳು ವರ್ಷವಾಗಿತ್ತು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು, ಚಳವಳಿಯನ್ನು ಹೊಗಳುವ ಬರಹಗಳು ಇದನ್ನು ಹಾರಿಸಿಬಿಡುತ್ತವೆ. ಕೆಪಿಎಲ್ ಮುಚ್ಚಿದ್ದು ಸರ್ಕಾರದ ನಿರ್ಧಾರದಿಂದ. ಉತಾರದಲ್ಲಿ ಹೆಸರಿಲ್ಲದವನಿಗೆ ಗುಡ್ಡದ ಮೇಲೆ ಹಕ್ಕುಂಟು ಎಂಬ ತೀರ್ಪಿನಿಂದಲ್ಲ. 1937ರಲ್ಲಿ ಹಿರೇಕೆರೂರಿನ ಹೊಲಗಳು ಮರಳಿದ್ದೂ ಹಾಗೆಯೇ, ಕುರ್ಚಿಯಲ್ಲಿ ಕೂತವರು ಬದಲಾದದ್ದರಿಂದ. ಅಧಿಕಾರದಲ್ಲಿರುವವರ ಮನಸ್ಸು ಬದಲಾಗಿ ಸಿಕ್ಕಿದ್ದು, ಅವರ ಮನಸ್ಸು ಮತ್ತೆ ಬದಲಾದರೆ ಹೋಗಬಹುದು.

ಸಮಾಜ ಪರಿವರ್ತನ ಸಮುದಾಯ ಕಲಿತ ವಿದ್ಯೆಯನ್ನು ಬಿಡಲಿಲ್ಲ. 2009ರಲ್ಲಿ ಬಳ್ಳಾರಿಯ ಗಣಿಗಳ ಬಗ್ಗೆ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 18ರ ತೀರ್ಪು ಅತಿ ಹೆಚ್ಚು ಅಕ್ರಮ ಮಾಡಿದ ಸಿ ವರ್ಗದ ಗಣಿಗುತ್ತಿಗೆಗಳನ್ನು ರದ್ದು ಮಾಡಿತು. ಆ ಬಾರಿ ಕಾಗದ ಕಳೆದುಕೊಂಡವರು ಗುತ್ತಿಗೆದಾರರು. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರವೇ 2017ರಲ್ಲಿ ನಿಷೇಧಿಸಿತು.

ಇಂದು ಹಾವೇರಿ ಜಿಲ್ಲೆಯಲ್ಲಿ ಸರ್ಕಾರಿ ಭೂಮಿಯನ್ನು ಅಪ್ಪಣೆಯಿಲ್ಲದೆ ಉಳುತ್ತ ಬಂದ ಬಗರ್‌ಹುಕುಂ ರೈತನ ಮಂಜೂರಾತಿಯನ್ನು ಅಧಿಕಾರಿಗಳು ರದ್ದು ಮಾಡಿದರೆ ಅವನು ಕಂದಾಯದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಅಲ್ಲೂ ಆಗದಿದ್ದರೆ ಧಾರವಾಡದ ಪೀಠದ ಮುಂದೆ ರಿಟ್ ಹಾಕಬಹುದು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆಗೆ ಬರಬಹುದಾದ ದೂರ. ಇನಾಮು ಕಾಯ್ದೆಯ ಕಾಲದಿಂದ ನೋಡಿದರೆ ಇದು ಸಣ್ಣ ಬದಲಾವಣೆಯಲ್ಲ. ಅರಣ್ಯಭೂಮಿಯಾದರೆ 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬುಡಕಟ್ಟಿನವರಲ್ಲದ ಸಾಂಪ್ರದಾಯಿಕ ಅರಣ್ಯವಾಸಿಗಳಿಂದ ಮೂರು ತಲೆಮಾರು, ಅಂದರೆ 75 ವರ್ಷಗಳ ರುಜುವಾತು ಕೇಳುವುದು ಅದರ ಕಠಿಣ ಷರತ್ತು. ಇನಾಮು ಕಾಯ್ದೆ ಕೇಳಿದ ಪ್ರಶ್ನೆಯ ಮೊಮ್ಮಗಳಂತಿದೆ ಅದು. ಆದರೆ ಆ ಕಾಯ್ದೆಯ ನಿಯಮಗಳು ಒಪ್ಪುವ ಸಾಕ್ಷ್ಯಗಳ ಪಟ್ಟಿಯಲ್ಲಿ ಊರ ಹಿರಿಯರು ಕೊಟ್ಟು ಬರೆಸಿದ ಹೇಳಿಕೆಯೂ ಇದೆ. ಕುಸನೂರಿನವರ ಬಳಿ ಅಂದು ಇದ್ದದ್ದು ಅದೊಂದೇ.

ಅರಣ್ಯವೆಂದು ದಾಖಲಾಗದ ಗಾಯರಾಣಕ್ಕೆ, ಗೋಮಾಳಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿ ಮೇವಿನಂಥ ಉಪಯೋಗಕ್ಕೆ ಭೂಮಿ ಕಾದಿರಿಸುವ 1964ರ ಭೂ ಕಂದಾಯ ಕಾಯ್ದೆಯ 71ನೇ ಕಲಮು ಇದೆ, ಊರ ಸಾಮೂಹಿಕ ಭೂಮಿಯನ್ನು ಉಳಿಸಿಕೊಳ್ಳಬೇಕೆಂದು 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಕೊಟ್ಟ ಆದೇಶವಿದೆ. ದನ ಮೇಯಿಸುವವನ ಹೆಸರಿನ ಕಾಲಂ ಮಾತ್ರ ಉತಾರದಲ್ಲಿ ಇನ್ನೂ ಇಲ್ಲ.